ಒಂದೇ ಗಾಳಿ: ಇಲ್ಲಿ ನೆರೆ, ಅಲ್ಲಿ ಬರ

2010ರ ಜುಲೈ ಕೊನೆಯ ವಾರದಿಂದ ಮಾತು ಶುರು ಮಾಡುತ್ತೇನೆ. ಆ ತಿಂಗಳ 29ರಂದು ಮಾಸ್ಕೋದಲ್ಲಿ 38.2 ಡಿಗ್ರಿ ಸೆಲ್ಸಿಯಸ್ ಬಿಸಿ ದಾಖಲಾಯಿತು. ಆ ನಗರ ಅದುವರೆಗೆ ಅಷ್ಟು ಬಿಸಿ ಕಂಡಿರಲಿಲ್ಲ. ವಾರಗಟ್ಟಲೆ ಮಳೆಯ ಸುಳಿವಿರಲಿಲ್ಲ. ಸುತ್ತಲಿನ ಕಾಡಿಗೆ ಬೆಂಕಿ ಬಿತ್ತು. ಒಣಗಿದ ಜೌಗು ನೆಲ ಒಳಗೊಳಗೇ ಉರಿಯಿತು. ಊರಿಗೆ ಊರೇ ಹೊಗೆಯಲ್ಲಿ ಮುಳುಗಿತು. ಗೋಧಿ ಹೊಲದಲ್ಲೇ ಒಣಗಿಹೋಯಿತು. ಆಗಸ್ಟ್ 15ರಿಂದ ರಷ್ಯಾ ಧಾನ್ಯದ ರಫ್ತನ್ನೇ ನಿಲ್ಲಿಸಿತು.

ಅದೇ ವಾರ ಪಾಕಿಸ್ತಾನದ ವಾಯವ್ಯ ಭಾಗದ ಬೆಟ್ಟಸೀಮೆಯಲ್ಲಿ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಆ ನೀರು ಸಿಂಧೂ ನದಿಗೆ ಇಳಿದು, ಅಲ್ಲಿಂದ ಕೆಳಗೆ ಸಾಗುತ್ತಾ ಒಂದೊಂದೇ ಜಿಲ್ಲೆಯನ್ನು ಮುಳುಗಿಸಿತು. ಸುಮಾರು 2 ಕೋಟಿ ಜನ ಆ ನೆರೆಗೆ ಸಿಕ್ಕರು. ಸತ್ತವರು ಹತ್ತಿರ ಹತ್ತಿರ 2 ಸಾವಿರ.

ಸುದ್ದಿ ಓದುವವರಿಗೆ ಇವು ಎರಡು ಬೇರೆ ಬೇರೆ ಅನಾಹುತ. ಒಂದು ಬಿಸಿಲಿನದ್ದು, ಒಂದು ಮಳೆಯದ್ದು. ನಡುವೆ ಸಾವಿರಾರು ಕಿಲೋಮೀಟರ್ ದೂರ. ಆದರೆ ಮೇಲಿನ ಗಾಳಿಯ ನಕ್ಷೆ ಇಟ್ಟು ನೋಡಿದರೆ ಎರಡರಲ್ಲೂ ಒಂದೇ ಅಲೆಯ ಕೈವಾಡ ಇತ್ತು. ಅಲೆಯ ಉಬ್ಬು ರಷ್ಯಾದ ಮೇಲೆ ನಿಂತಿತ್ತು, ಅದರ ತಗ್ಗು ಪಾಕಿಸ್ತಾನದ ಕಡೆ ಇಳಿದಿತ್ತು. ನೆರೆ ಬಂದಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ಎಷ್ಟು ಮಳೆ ಬಿತ್ತು? ಇವತ್ತು ನಿಮ್ಮನ್ನು ಬೇರೆ ಎರಡು ಪ್ರಶ್ನೆಗಳ ಕಡೆ ಕರೆದೊಯ್ಯಬೇಕು ಅಂತಿದ್ದೇನೆ. ಆ ಮಳೆ ಅಲ್ಲೇ ಯಾಕೆ ನಿಂತಿತು? ಅದಕ್ಕೆ ಜೋಡಿಯಾದ ಒಣ ಜಾಗ ಎಲ್ಲಿದೆ?

ಮೊದಲು ಒಂದು ಲೆಕ್ಕ. ಇಡೀ ಭೂಮಿಯ ಮೇಲಿನ ಗಾಳಿಯಲ್ಲಿರುವ ನೀರಾವಿಯನ್ನೆಲ್ಲ ಈ ಕ್ಷಣ ಕೆಳಗಿಳಿಸಿ ಸಮವಾಗಿ ಹರಡಿದರೆ ಎಷ್ಟು ನೀರು ನಿಲ್ಲುತ್ತದೆ ಹೇಳಿ? ಸುಮಾರು 25 ಮಿಲಿಮೀಟರ್. ಒಂದು ಅಂಗುಲ, ಅಷ್ಟೇ. ಉಷ್ಣವಲಯದ ತೇವದ ಗಾಳಿಯಲ್ಲಿ ಇದು 50ರಿಂದ 60 ಮಿಲಿಮೀಟರ್ ಇರಬಹುದು. ಈಗ 2005ರ ಜುಲೈ 26ನ್ನು ನೆನಪಿಸಿಕೊಳ್ಳಿ. ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಆ ಜಾಗದ ನೆತ್ತಿಯ ಮೇಲೆ ಯಾವುದೇ ಕ್ಷಣದಲ್ಲಿ ಇರಬಹುದಾದ ನೀರಿನ ಹದಿನೈದು ಪಟ್ಟಿಗಿಂತ ಜಾಸ್ತಿ ಅದು. ಅಷ್ಟೂ ನೀರು ಎಲ್ಲಿಂದ ಬಂತು? ಸುತ್ತಲಿಂದ, ದೂರದ ಸಮುದ್ರದಿಂದ. ಗಾಳಿ ಅದನ್ನು ಗಂಟೆಗಟ್ಟಲೆ ತಂದು ತಂದು ಒಂದೇ ಕಡೆ ಸುರಿಯಿತು. ಅತಿಮಳೆ ಎಂದರೆ ಯಾವಾಗಲೂ ಹೀಗೆಯೇ. ಆ ಜಾಗದ ಆಕಾಶ ಒಂದೇ ಅದನ್ನು ಕೊಡಲಾರದು, ಹೊರಗಿನಿಂದ ಪೂರೈಕೆ ಆಗುತ್ತಲೇ ಇರಬೇಕು.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ಮುಖ್ಯ. ಬರ ಬಂದ ಕಡೆ ಗಾಳಿಯಲ್ಲಿ ನೀರೇ ಇರುವುದಿಲ್ಲ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಸೌದಿ ಅರೇಬಿಯಾದ ದಹ್ರಾನ್ ನೋಡಿ. 2003ರ ಜುಲೈ 8ರಂದು ಅಲ್ಲಿ ಇಬ್ಬನಿ ಬಿಂದು, ಅಂದರೆ ಗಾಳಿಯಲ್ಲಿರುವ ಆವಿ ಹನಿಯಾಗಲು ಶುರುವಾಗುವ ಉಷ್ಣಾಂಶ, 35 ಡಿಗ್ರಿ ದಾಖಲಾಯಿತು. ಗಾಳಿಯ ಉಷ್ಣಾಂಶ 42 ಡಿಗ್ರಿ ಇತ್ತು. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 39 ಗ್ರಾಂ ನೀರಾವಿ. ಮಳೆಕಾಡಿನಲ್ಲೂ ಅಷ್ಟು ಇರುವುದಿಲ್ಲ. ಆದರೂ ಜುಲೈನಲ್ಲಿ ಅಲ್ಲಿ ಮಳೆ ಇಲ್ಲವೇ ಇಲ್ಲ ಎನ್ನಬಹುದು. ಯಾಕೆ? ಕೆಳಗಿನ ಗಾಳಿ ಎಷ್ಟೇ ತೇವ ಇದ್ದರೂ ಅದರ ಮೇಲಿನ ಗಾಳಿ ಕೆಳಗೆ ಇಳಿಯುತ್ತಿರುತ್ತದೆ. ಇಳಿಯುವ ಗಾಳಿ ಒತ್ತಡ ಹೆಚ್ಚಿದಂತೆ ಬಿಸಿಯಾಗುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ. ಬಿಸಿಯಾದ ಗಾಳಿಯಲ್ಲಿ ಮೋಡ ನಿಲ್ಲುವುದಿಲ್ಲ, ಕರಗಿಹೋಗುತ್ತದೆ. ಏರುವ ಗಾಳಿಯದ್ದು ಇದರ ತಿರುಗುಮುರುಗು. ಅದು ಹಿಗ್ಗುತ್ತದೆ, ತಣಿಯುತ್ತದೆ, ಆವಿ ಹನಿಯಾಗುತ್ತದೆ. ಆವಿ ಇದ್ದರೆ ಸಾಲದು, ಅದನ್ನು ಮೇಲೆತ್ತುವವರು ಬೇಕು.

ಇಲ್ಲಿಂದ ಒಂದು ಮಾತು ತಾನಾಗಿಯೇ ಹೊರಡುತ್ತದೆ. ಒಂದು ಕಡೆ ಗಾಳಿ ಏರಿದರೆ ಇನ್ನೊಂದು ಕಡೆ ಅಷ್ಟೇ ಗಾಳಿ ಇಳಿಯಲೇಬೇಕು. ಗಾಳಿ ಮಾಯವಾಗುವುದಿಲ್ಲ ಅಲ್ವಾ? ಹಾಗಾಗಿ ಎಲ್ಲೋ ವಿಪರೀತ ಮಳೆ ಎಂದರೆ, ಎಲ್ಲೋ ಒಂದು ಕಡೆ ಆಕಾಶ ಬಿಗಿಯಾಗಿ ಮುಚ್ಚಿಕೊಂಡಿದೆ ಎಂದೇ ಅರ್ಥ.

ಈ ಏರಿಳಿತದ ಅತಿ ದೊಡ್ಡ ಸುತ್ತು ಭೂಮಧ್ಯರೇಖೆಯ ಹತ್ತಿರ ಶುರುವಾಗುತ್ತದೆ. ಅಲ್ಲಿ ಗಾಳಿ ಏರಿ, ಎತ್ತರದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಸರಿದು, ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಇಳಿಯುತ್ತದೆ. 1735ರಲ್ಲಿ ಜಾರ್ಜ್ ಹ್ಯಾಡ್ಲಿ ಎಂಬ ಇಂಗ್ಲಿಷ್ ವಕೀಲ ವ್ಯಾಪಾರ ಮಾರುತಗಳನ್ನು ವಿವರಿಸಲು ಹೊರಟು ಈ ಸುತ್ತಿನ ಕಲ್ಪನೆ ಕೊಟ್ಟ. ಸಹಾರಾ, ಅರೇಬಿಯಾ, ಕಲಹಾರಿ, ಆಸ್ಟ್ರೇಲಿಯಾದ ಒಳನಾಡು ಇವೆಲ್ಲ ಆ ಗಾಳಿ ಇಳಿಯುವ ಪಟ್ಟಿಯಲ್ಲೇ ಇವೆ. ಶಾಲೆಯ ಪುಸ್ತಕದಲ್ಲಿ ಇದನ್ನು ನೀವೆಲ್ಲ ನೋಡಿರುತ್ತೀರಿ, ಹಾಗಾಗಿ ಇಲ್ಲಿ ಜಾಸ್ತಿ ನಿಲ್ಲುವುದಿಲ್ಲ.

ಆದರೆ ಆ ಪುಸ್ತಕದ ಚಿತ್ರಕ್ಕೆ ಒಂದು ತಿದ್ದುಪಡಿ ಬೇಕು, ಅದು ನನಗೆ ಬಹಳ ಇಷ್ಟವಾದ ವಿಷಯ. ಹ್ಯಾಡ್ಲಿಯ ಸುತ್ತು ಬೇಸಿಗೆಯ ಅರ್ಧಗೋಳದಲ್ಲಿ ದುರ್ಬಲ. ಹಾಗಿದ್ದರೆ ಪೂರ್ವ ಮೆಡಿಟರೇನಿಯನ್ ಮತ್ತು ಸಹಾರಾದ ಪೂರ್ವ ಭಾಗ ಬೇಸಿಗೆಯಲ್ಲೇ ಯಾಕೆ ಅಷ್ಟು ಗಟ್ಟಿಯಾಗಿ ಒಣಗಿರುತ್ತವೆ? 1996ರಲ್ಲಿ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ ಇದಕ್ಕೆ ಉತ್ತರ ಕೊಟ್ಟರು. ಕಾರಣ ಏಷ್ಯಾದ ಮುಂಗಾರು! ಮುಂಗಾರಿನ ಮಳೆ ಬೀಳುವಾಗ ಆವಿ ಹನಿಯಾಗಿ ಅಪಾರ ಶಾಖ ಬಿಡುಗಡೆಯಾಗುತ್ತದೆ. ಆ ಶಾಖ ವಾತಾವರಣದಲ್ಲಿ ಒಂದು ಅಲೆ ಎಬ್ಬಿಸುತ್ತದೆ. ಅಲೆ ಪಶ್ಚಿಮಕ್ಕೆ ಹರಡುತ್ತದೆ. ಅದು ಪಶ್ಚಿಮದಿಂದ ಬರುವ ಗಾಳಿಗೆ ಎದುರಾದ ಜಾಗದಲ್ಲಿ ಗಾಳಿ ಕೆಳಗಿಳಿಯುತ್ತದೆ. ಗಂಗಾ ಬಯಲು ಮತ್ತು ಬಂಗಾಳದ ಮೇಲೆ ಮಳೆ ಸುರಿಯುವುದಕ್ಕೂ, ಕ್ರೀಟ್ ದ್ವೀಪದಲ್ಲಿ ಜುಲೈ ತಿಂಗಳೆಲ್ಲ ನೀಲಿ ಆಕಾಶ ಇರುವುದಕ್ಕೂ ಹೀಗೊಂದು ನಂಟು. ಒಂದು ಕಡೆಯ ಮಳೆಯೇ ಇನ್ನೊಂದು ಕಡೆಯ ಒಣಗಾಲಕ್ಕೆ ಕಾರಣವಾಗುತ್ತಿದೆ.

ಇನ್ನು ಪೂರ್ವ ಪಶ್ಚಿಮದ ಸುತ್ತು. ಇದರ ಕಥೆ ಹಸಿವಿನಿಂದ ಶುರುವಾಗುತ್ತದೆ. ಭಾರತದಲ್ಲಿ 1876ರಿಂದ 78ರ ಭೀಕರ ಕ್ಷಾಮ, ಮತ್ತೆ 1899ರ ಬರ. ಮುಂಗಾರು ಕೈಕೊಡುವುದನ್ನು ಮೊದಲೇ ಹೇಳಬಹುದೇ ಅನ್ನೋದು ಆಗ ಸಾವು ಬದುಕಿನ ಪ್ರಶ್ನೆ. 1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಕೇಂಬ್ರಿಜ್ ಗಣಿತಜ್ಞ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಹವಾಮಾನ ಅವರ ವಿಷಯವೇ ಆಗಿರಲಿಲ್ಲ. ಅವರು ಮಾಡಿದ್ದು ಇಷ್ಟು: ಪ್ರಪಂಚದ ನಾನಾ ಊರುಗಳ ಒತ್ತಡ, ಮಳೆ, ಉಷ್ಣಾಂಶದ ದಾಖಲೆಗಳನ್ನು ತರಿಸಿ, ಯಾವುದು ಯಾವುದರ ಜೊತೆ ಏರಿಳಿಯುತ್ತದೆ ಅಂತ ಲೆಕ್ಕ ಹಾಕಿಸಿದರು. ಕಂಪ್ಯೂಟರ್ ಇಲ್ಲದ ಕಾಲ. ಭಾರತೀಯ ಗುಮಾಸ್ತರ ಒಂದು ದಂಡೇ ಕೂತು ಕೈಯಲ್ಲಿ ಆ ಲೆಕ್ಕ ಮಾಡಿತು. ಅವರ ಹೆಸರುಗಳು ಇತಿಹಾಸದಲ್ಲಿ ದೊಡ್ಡದಾಗಿ ಬರಲಿಲ್ಲ, ಆದರೆ ಆ ಬೆವರಿಲ್ಲದೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ. ಇದನ್ನು ನಾವು ಮರೆಯಬಾರದು.

ಆ ಲೆಕ್ಕದಲ್ಲಿ ಒಂದು ವಿಚಿತ್ರ ಕಂಡಿತು. ಪೆಸಿಫಿಕ್ ಸಾಗರದ ಮೇಲೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಇವತ್ತು ಇದನ್ನು ಪೆಸಿಫಿಕ್‌ನ ಟಹೀಟಿ ದ್ವೀಪ ಮತ್ತು ಆಸ್ಟ್ರೇಲಿಯಾದ ಡಾರ್ವಿನ್ ನಗರ, ಈ ಎರಡು ಕಡೆಯ ಒತ್ತಡದಿಂದ ಅಳೆಯುತ್ತಾರೆ. ವಾಕರ್ ಇದಕ್ಕೆ ದಕ್ಷಿಣದ ಆಂದೋಲನ ಎಂದು ಹೆಸರಿಟ್ಟರು. ಯಾಕೆ ಹೀಗೆ ಅನ್ನೋದಕ್ಕೆ ಉತ್ತರ ಸಿಗಲು 1969 ಬರಬೇಕಾಯಿತು. ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್ ಇದನ್ನು ಸಮುದ್ರದ ಜೊತೆ ಜೋಡಿಸಿದರು. ಸಾಧಾರಣ ವರ್ಷಗಳಲ್ಲಿ ಇಂಡೋನೇಷ್ಯಾದ ಸುತ್ತ ನೀರು ಬಿಸಿ, ಅಲ್ಲಿ ಗಾಳಿ ಏರುತ್ತದೆ. ಪೆರು ತೀರದ ಹತ್ತಿರ ನೀರು ತಣ್ಣಗೆ, ಅಲ್ಲಿ ಇಳಿಯುತ್ತದೆ. ಎಲ್ ನಿನೊ ಬಂದಾಗ ಬಿಸಿ ನೀರು ಪೂರ್ವಕ್ಕೆ ಸರಿಯುತ್ತದೆ, ಅದರ ಹಿಂದೆಯೇ ಗಾಳಿ ಏರುವ ಜಾಗವೂ ಸರಿಯುತ್ತದೆ. ಆಗ ಇಂಡೋನೇಷ್ಯಾ, ಆಸ್ಟ್ರೇಲಿಯಾದ ಕಡೆ ಗಾಳಿ ಇಳಿಯಲು ಶುರು. ಈ ಸುತ್ತಿಗೆ ಬ್ಯರ್ಕ್ನೆಸ್ ವಾಕರ್ ಹೆಸರನ್ನೇ ಇಟ್ಟರು.

ಏರುವ ಜಾಗ ಸರಿದರೆ ಏನಾಗುತ್ತದೆ ಅನ್ನೋದಕ್ಕೆ 1997-98ಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಇಂಡೋನೇಷ್ಯಾದಲ್ಲಿ ಮಳೆಕಾಡುಗಳು ಒಣಗಿ ತಿಂಗಳುಗಟ್ಟಲೆ ಉರಿದವು, ಆ ಹೊಗೆ ಸಿಂಗಪುರ, ಮಲೇಷ್ಯಾವನ್ನೂ ಮುಸುಕಿತು. ಅತ್ತ ಪೆರುವಿನ ಸೆಚೂರಾ ಮರುಭೂಮಿಯಲ್ಲಿ ಮಳೆ ಸುರಿದು ಸುರಿದು ಸುಮಾರು 145 ಕಿಲೋಮೀಟರ್ ಉದ್ದದ ಸರೋವರವೇ ಹುಟ್ಟಿತು. ಸ್ವಲ್ಪ ಕಾಲ ಅದು ಆ ದೇಶದ ಎರಡನೇ ಅತಿ ದೊಡ್ಡ ಸರೋವರವಾಗಿತ್ತು. ಮಳೆಕಾಡಿನಲ್ಲಿ ಬೆಂಕಿ, ಮರುಭೂಮಿಯಲ್ಲಿ ಸರೋವರ!

ಆದರೆ ಅದೇ 1997 ಎಲ್ಲರಿಗೂ ಒಂದು ಪಾಠ ಕಲಿಸಿತು. ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಅದೂ ಒಂದು. ಎಲ್ ನಿನೊ ಇದ್ದರೆ ಭಾರತದ ಮುಂಗಾರಿಗೆ ಪೆಟ್ಟು ಅನ್ನೋದು ನಂಬಿಕೆ. ಅದಕ್ಕೆ ಆಧಾರವೂ ಇತ್ತು. ಆ ವರ್ಷ ಬರ ಖಂಡಿತ ಅಂತ ಹಲವರು ಅಂದುಕೊಂಡಿದ್ದರು. ಬಂದದ್ದು ವಾಡಿಕೆಯ 102 ಶೇಕಡಾ ಮಳೆ. ಆಮೇಲೆ 2002ರ ಎಲ್ ನಿನೊ ಅಷ್ಟೇನೂ ಬಲವಾಗಿರಲಿಲ್ಲ. ಆದರೂ ಆ ಜುಲೈನಲ್ಲಿ ಬಂದದ್ದು ವಾಡಿಕೆಯ ಅರ್ಧದಷ್ಟು ಮಳೆ ಮಾತ್ರ.

1999ರಲ್ಲಿ ಎನ್. ಎಚ್. ಸಾಜಿ, ಬಿ. ಎನ್. ಗೋಸ್ವಾಮಿ, ಪಿ. ಎನ್. ವಿನಯಚಂದ್ರನ್ ಮತ್ತು ತೋಶಿಯೊ ಯಮಗಾತಾ ಅವರು ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಒಂದು ತೂಗಾಟ ಇದೆ ಎಂದು ತೋರಿಸಿದರು. ಅದರ ಪಶ್ಚಿಮ ಭಾಗ ಬಿಸಿಯಾಗಿ ಸುಮಾತ್ರಾದ ಕಡೆ ತಣ್ಣಗಾದರೆ ಆಫ್ರಿಕಾದ ಪೂರ್ವ ತೀರದಲ್ಲಿ ಗಾಳಿ ಏರುತ್ತದೆ, ಇಂಡೋನೇಷ್ಯಾದ ಮೇಲೆ ಇಳಿಯುತ್ತದೆ. ಇದನ್ನು ಹಿಂದೂ ಮಹಾಸಾಗರದ ಡೈಪೋಲ್ ಅನ್ನುತ್ತಾರೆ. 1997ರಲ್ಲಿ ಅದು ಮುಂಗಾರಿಗೆ ಅನುಕೂಲವಾಗಿ ವಾಲಿತ್ತು, ಎಲ್ ನಿನೊ ಕೊಟ್ಟ ಪೆಟ್ಟನ್ನು ತಗ್ಗಿಸಿತು. 2019ರಲ್ಲಿ ಅದು ಇನ್ನೂ ಜೋರಾಗಿ ವಾಲಿತು. ಪೂರ್ವ ಆಫ್ರಿಕಾದಲ್ಲಿ ನೆರೆ ಬಂತು. ಭಾರತದಲ್ಲಿ ವಾಡಿಕೆಗಿಂತ 10 ಶೇಕಡಾ ಜಾಸ್ತಿ ಮಳೆಯಾಯಿತು. ಆಸ್ಟ್ರೇಲಿಯಾ ಮಾತ್ರ ಒಣಗಿ, ಬೇಸಿಗೆಯಿಡೀ ಕಾಡ್ಗಿಚ್ಚಿನಲ್ಲಿ ಬೆಂದಿತು. ಅದಕ್ಕೇ ಹೇಳುತ್ತೇನೆ, ಟಿವಿಯಲ್ಲಿ ಎಲ್ ನಿನೊ ಎಂಬ ಒಂದೇ ಹೆಸರು ಕೇಳಿ ಮಳೆಯ ಭವಿಷ್ಯ ತೀರ್ಮಾನಿಸಬೇಡಿ. ಒಂದಕ್ಕಿಂತ ಹೆಚ್ಚು ಸುತ್ತುಗಳು ಒಟ್ಟಿಗೆ ತಿರುಗುತ್ತಿರುತ್ತವೆ. ಅವು ಒಂದೇ ದಿಕ್ಕಿಗೆ ಎಳೆದಾಗ ಅತಿರೇಕ, ಎದುರುಬದುರು ಎಳೆದಾಗ ಸಮಾಧಾನ.

ಇದುವರೆಗೆ ಹೇಳಿದ್ದೆಲ್ಲ ತಿಂಗಳು, ಋತುಗಳ ಲೆಕ್ಕ. ಒಂದು ಋತುವಿನ ಒಳಗೂ ಏರುವ ಜಾಗ ಓಡಾಡುತ್ತಿರುತ್ತದೆ. 1971ರಲ್ಲಿ ರೋಲಂಡ್ ಮ್ಯಾಡನ್ ಮತ್ತು ಪಾಲ್ ಜೂಲಿಯನ್ ಉಷ್ಣವಲಯದಲ್ಲಿ ಪೂರ್ವಕ್ಕೆ ಸಾಗುವ ಒಂದು ದೊಡ್ಡ ಮೋಡಗಳ ಸುತ್ತನ್ನು ಪತ್ತೆ ಮಾಡಿದರು. 30ರಿಂದ 60 ದಿನಕ್ಕೊಮ್ಮೆ ಅದು ಬರುತ್ತದೆ. ಅದು ಬಂದ ಕಡೆ ವಾರಗಟ್ಟಲೆ ಮಳೆ, ದಾಟಿ ಹೋದ ಮೇಲೆ ವಾರಗಟ್ಟಲೆ ಬಿಡುವು. ಮುಂಗಾರಿನಲ್ಲಿ ಮಳೆಯ ಬಿಡುವು ಬಂದಾಗ, ಮಳೆ ತರುವ ಕಡಿಮೆ ಒತ್ತಡದ ಪಟ್ಟಿ ಗಂಗಾ ಬಯಲು ಬಿಟ್ಟು ಹಿಮಾಲಯದ ಬುಡಕ್ಕೆ ಸರಿಯುತ್ತದೆ. ಆಗ ಮಧ್ಯ ಭಾರತ ಒಣಗಿದರೆ, ಅದೇ ಹೊತ್ತಿಗೆ ಬೆಟ್ಟದ ತಪ್ಪಲಲ್ಲಿ ನದಿಗಳು ಉಕ್ಕುತ್ತವೆ. ಪಟ್ಟಿ ಒಂದೇ, ಅದು ನಿಂತ ಜಾಗ ಬೇರೆ.

ಈಗ ಧ್ರುವದ ಕಡೆ ಸರಿಯೋಣ. ಮಧ್ಯ ಅಕ್ಷಾಂಶಗಳಲ್ಲಿ ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುತ್ತದೆ. ಅದು ನೇರ ಓಡುವುದಿಲ್ಲ, ಅಂಕುಡೊಂಕಾಗಿ ಭೂಮಿಯನ್ನು ಸುತ್ತುತ್ತದೆ. ಈ ಅಲೆಗಳ ಲೆಕ್ಕವನ್ನು 1939ರಲ್ಲಿ ಕಾರ್ಲ್ ಗುಸ್ತಾಫ್ ರಾಸ್ಬಿ ಕೊಟ್ಟರು. ಅಲೆ ಉತ್ತರಕ್ಕೆ ಉಬ್ಬಿದ ಕಡೆ ಗಾಳಿ ಇಳಿಯುತ್ತದೆ, ಬಿಸಿಲು ಬೀಳುತ್ತದೆ. ಅಲೆ ದಕ್ಷಿಣಕ್ಕೆ ತಗ್ಗಿದ ಕಡೆ, ಆ ತಗ್ಗಿನ ಪೂರ್ವ ಮಗ್ಗುಲಲ್ಲಿ ಗಾಳಿ ಏರುತ್ತದೆ, ಮಳೆ ಬೀಳುತ್ತದೆ. ಸಾಧಾರಣವಾಗಿ ಈ ಉಬ್ಬುತಗ್ಗು ಕೆಲವು ದಿನಗಳಲ್ಲಿ ಪೂರ್ವಕ್ಕೆ ಸಾಗಿಹೋಗುತ್ತದೆ. ಎರಡು ದಿನ ಮಳೆ, ಮೂರು ದಿನ ಬಿಸಿಲು. ಇದರಿಂದ ಯಾರಿಗೂ ತೊಂದರೆ ಇಲ್ಲ.

ತೊಂದರೆ ಶುರುವಾಗುವುದು ಅದು ನಿಂತಾಗ. ಇದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ಇದು ಯಾಕೆ ಆಗುತ್ತದೆ ಅನ್ನೋದಕ್ಕೆ 2018ರಲ್ಲಿ ನೊಬೊರು ನಾಕಮುರಾ ಮತ್ತು ಕ್ಲೇರ್ ಹುವಾಂಗ್ ಒಂದು ಸೊಗಸಾದ ಗಣಿತ ಕೊಟ್ಟರು. ಹೆದ್ದಾರಿಯ ಟ್ರಾಫಿಕ್ ಜಾಮ್‌ಗೆ ಬಳಸುವಂಥದ್ದೇ ಸಮೀಕರಣ ಅದು. ರಸ್ತೆಗೆ ಹೇಗೆ ಒಂದು ಮಿತಿ ಇದೆಯೋ, ಜೆಟ್ ಸ್ಟ್ರೀಮ್ ಹೊರಬಲ್ಲ ಅಲೆಗೂ ಮಿತಿ ಇದೆ. ಹಿಂದಿನಿಂದ ಬರುವ ಅಲೆ ಮಿತಿ ಮೀರಿದರೆ ವೇಗ ಕುಸಿಯುತ್ತದೆ, ಅಲೆಗಳು ಒಂದರ ಹಿಂದೊಂದು ಗುಡ್ಡೆ ಬೀಳುತ್ತವೆ, ಎಲ್ಲ ಅಲ್ಲೇ ನಿಲ್ಲುತ್ತದೆ.

2010ರ ಬೇಸಿಗೆಯಲ್ಲಿ ಆದದ್ದು ಇದೇ. ಪಶ್ಚಿಮ ರಷ್ಯಾದ ಮೇಲೆ ಉಬ್ಬು ವಾರಗಟ್ಟಲೆ ಕೂತುಬಿಟ್ಟಿತು. ಇಳಿಯುವ ಗಾಳಿ ಬಿಸಿಯಾಯಿತು, ಮೋಡ ಇಲ್ಲದೆ ಬಿಸಿಲು ನೇರ ಬಿತ್ತು, ಮಣ್ಣಿನ ತೇವ ಆರಿತು. ಮಣ್ಣಲ್ಲಿ ತೇವ ಇದ್ದಷ್ಟು ಕಾಲ ಬಿಸಿಲಿನ ಶಕ್ತಿಯ ಒಂದು ಪಾಲು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ತೇವ ಮುಗಿದ ಮೇಲೆ ಪೂರ್ತಿ ಶಕ್ತಿ ಗಾಳಿಯನ್ನು ಕಾಯಿಸಲು ಹೋಗುತ್ತದೆ. ಹೀಗೆ ಬರವೇ ಬರವನ್ನು ಬೆಳೆಸುತ್ತದೆ. ಆ ಉಬ್ಬಿನ ಕೆಳಹರಿವಿನಲ್ಲಿ ಇದ್ದ ತಗ್ಗು ಪಾಕಿಸ್ತಾನದ ಉತ್ತರದ ಕಡೆ ಇಳಿಯಿತು. ದಕ್ಷಿಣದಿಂದ ಮುಂಗಾರು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳ ಆವಿ ಹೊತ್ತು ಬರುತ್ತಿತ್ತು. ಎತ್ತಲು ಬೇಕಾದ್ದು ಮೇಲಿತ್ತು, ಎತ್ತಿಸಿಕೊಳ್ಳಬೇಕಾದ ನೀರು ಕೆಳಗಿತ್ತು, ಬೆಟ್ಟದ ಗೋಡೆಯೂ ಇತ್ತು. ಆಮೇಲೆ ಪೀಟರ್ ವೆಬ್‌ಸ್ಟರ್ ಮತ್ತು ಸಂಗಡಿಗರು ಯುರೋಪಿನ ಮುನ್ಸೂಚನಾ ಕೇಂದ್ರದ ಹಳೆಯ ಮುನ್ಸೂಚನೆಗಳನ್ನು ತೆಗೆದು ನೋಡಿದರು. ಆ ಮಳೆಯ ಸೂಚನೆ 6ರಿಂದ 8 ದಿನ ಮೊದಲೇ ಅದರಲ್ಲಿತ್ತು. ನನ್ನನ್ನು ಇವತ್ತಿಗೂ ಕಾಡುವ ಸಂಗತಿ ಇದು. ಅಷ್ಟು ದಿನ ಕೈಯಲ್ಲಿದ್ದರೆ ಸಿಂಧೂ ದಂಡೆಯ ಎಷ್ಟು ಊರು ಖಾಲಿ ಮಾಡಿಸಬಹುದಿತ್ತು!

2023ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಮೇಲೆ ಇಂಥದ್ದೇ ಇನ್ನೊಂದು ಬ್ಲಾಕ್ ನಿಂತಿತು. ನಕ್ಷೆಯಲ್ಲಿ ಅದು ಗ್ರೀಕ್ ಅಕ್ಷರ ಒಮೆಗಾ ಹಾಗೆ ಕಾಣುತ್ತದೆ: ನಡುವೆ ಉಬ್ಬು, ಎರಡೂ ಕಾಲಲ್ಲಿ ತಗ್ಗು. ಉಬ್ಬಿನಡಿ ಸಿಕ್ಕ ಬ್ರಿಟನ್‌ನಲ್ಲಿ ಸತತ ಏಳು ದಿನ 30 ಡಿಗ್ರಿ ದಾಟಿತು. ಸೆಪ್ಟೆಂಬರ್‌ನಲ್ಲಿ ಅಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ಪಶ್ಚಿಮದ ಕಾಲು ಸ್ಪೇನ್‌ಗೆ ನೆರೆ ತಂದಿತು. ಪೂರ್ವದ ಕಾಲಿನಿಂದ ಡೇನಿಯಲ್ ಎಂಬ ಚಂಡಮಾರುತ ಹುಟ್ಟಿತು. ಗ್ರೀಸಿನ ಝಗೋರಾದಲ್ಲಿ ಒಂದೇ ದಿನಕ್ಕೆ 750 ಮಿಲಿಮೀಟರ್ ಮಳೆ ಸುರಿಯಿತು, ಲಂಡನ್ನಿಗೆ ಇಡೀ ವರ್ಷಕ್ಕೆ ಬರುವುದಕ್ಕಿಂತ ಜಾಸ್ತಿ. ಅಲ್ಲಿಂದ ಡೇನಿಯಲ್ ಬಿಸಿ ಮೆಡಿಟರೇನಿಯನ್ ದಾಟಿ ಲಿಬಿಯಾಕ್ಕೆ ಹೋಯಿತು. ಅಲ್‌ಬೈದಾದಲ್ಲಿ 24 ಗಂಟೆಯಲ್ಲಿ 414 ಮಿಲಿಮೀಟರ್. ಸೆಪ್ಟೆಂಬರ್ 10ರ ರಾತ್ರಿ ಕಳೆದು 11ರ ಬೆಳಗಾಗುವಷ್ಟರಲ್ಲಿ ಡೆರ್ನಾ ನಗರದ ಮೇಲಿನ ಎರಡೂ ಅಣೆಕಟ್ಟುಗಳು ಒಡೆದವು. ಸಾವಿರಾರು ಜನ ನಿದ್ದೆಯಲ್ಲೇ ಸಮುದ್ರ ಸೇರಿದರು. ಅಣೆಕಟ್ಟಿನ ದುಸ್ಥಿತಿ ಮನುಷ್ಯರ ಹೊಣೆ, ಗಾಳಿಯದ್ದಲ್ಲ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ.

ಸರಿ, ಭೂಮಿ ಬಿಸಿಯಾದರೆ ಇದೆಲ್ಲ ಏನಾಗುತ್ತದೆ? ಇದನ್ನು ಎರಡು ಭಾಗ ಮಾಡಿ ನೋಡಬೇಕು. ನೀರಾವಿಯ ಭಾಗ ಸುಲಭ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ಆವಿ ಹಿಡಿಯಬಲ್ಲದು. ಇದು ಹತ್ತೊಂಬತ್ತನೇ ಶತಮಾನದ ಭೌತಶಾಸ್ತ್ರ, ಇದರಲ್ಲಿ ಜಗಳವಿಲ್ಲ. ಆದರೆ ಪ್ರಪಂಚದ ಒಟ್ಟು ಮಳೆ ಡಿಗ್ರಿಗೆ 2ರಿಂದ 3 ಶೇಕಡಾ ಮಾತ್ರ ಹೆಚ್ಚುತ್ತದೆ. ಯಾಕೆಂದರೆ ಮಳೆ ಬಿದ್ದಾಗ ಬಿಡುಗಡೆಯಾದ ಶಾಖವನ್ನು ವಾತಾವರಣ ಹೊರಗೆ ಸೂಸಬೇಕು, ಅದರ ಆ ಶಕ್ತಿ ಅಷ್ಟು ಬೇಗ ಬೆಳೆಯುವುದಿಲ್ಲ. 2006ರಲ್ಲಿ ಐಸಾಕ್ ಹೆಲ್ಡ್ ಮತ್ತು ಬ್ರಯಾನ್ ಸೋಡನ್ ಇದರಿಂದ ಹೊರಡುವ ತೀರ್ಮಾನವನ್ನು ಸ್ಪಷ್ಟವಾಗಿ ಬರೆದರು: ಏರಿಳಿಯುವ ಗಾಳಿಯ ಸರಾಸರಿ ಸುತ್ತು ನಿಧಾನವಾಗಬೇಕು. ಸ್ವಲ್ಪ ಯೋಚಿಸಿ. ಒಂದು ದೊಡ್ಡ ಮಳೆ ಸಿಕ್ಕ ಆವಿಯನ್ನೆಲ್ಲ ಸುರಿಯುತ್ತದೆ, ಹಾಗಾಗಿ ಅದು 7 ಶೇಕಡಾದ ಲೆಕ್ಕದಲ್ಲಿ ಬೆಳೆಯುತ್ತದೆ. ಒಟ್ಟು ಮಳೆ ಅಷ್ಟು ಬೆಳೆಯುವುದಿಲ್ಲ. ಹಾಗಾದರೆ ಉಳಿದ ಲೆಕ್ಕ ಎಲ್ಲಿ ಹೊಂದಬೇಕು? ಮಳೆಗಳ ನಡುವಿನ ಬಿಡುವಿನಲ್ಲಿ, ಸಣ್ಣ ಮಳೆಗಳಲ್ಲಿ. ಬಿದ್ದರೆ ಜಡಿಮಳೆ, ಇಲ್ಲದಿದ್ದರೆ ಉದ್ದನೆಯ ಒಣಗಾಲ.

ಎರಡನೇ ಭಾಗ, ಗಾಳಿಯ ದಾರಿ ಎಲ್ಲಿ ಬದಲಾಗುತ್ತದೆ ಅನ್ನೋದು. ಇದು ಕಷ್ಟ. ಹ್ಯಾಡ್ಲಿ ಸುತ್ತಿನ ಅಂಚು ಧ್ರುವಗಳ ಕಡೆ ಸರಿಯುತ್ತಿದೆ, ಹಾಗಾಗಿ ಮೆಡಿಟರೇನಿಯನ್‌ನಂಥ ಅಂಚಿನ ಪ್ರದೇಶಗಳು ಒಣಗುವ ಕಡೆ ವಾಲುತ್ತಿವೆ. ಆರ್ಕ್ಟಿಕ್ ಬೇಗ ಬಿಸಿಯಾಗುವುದರಿಂದ ಜೆಟ್ ಸ್ಟ್ರೀಮ್ ಜಾಸ್ತಿ ಅಂಕುಡೊಂಕಾಗುತ್ತದೆ ಎಂದು ಒಂದು ಗುಂಪು ವಾದಿಸುತ್ತದೆ, ಇನ್ನೊಂದು ಗುಂಪು ಒಪ್ಪುವುದಿಲ್ಲ. ಇದು ಇನ್ನೂ ಜೀವಂತ ಚರ್ಚೆ. ಅದನ್ನು ಮುಗಿದ ಸತ್ಯ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆದು ಕೇಳಿ. ಆದರೆ ದಾರಿ ಒಂದಿಷ್ಟೂ ಬದಲಾಗದೆ ಇದ್ದರೂ, ಬ್ಲಾಕ್ ನಿಂತ ಕಡೆ ಬೀಳುವ ಮಳೆಯೂ ಸುಡುವ ಬಿಸಿಲೂ ಮೊದಲಿಗಿಂತ ಜೋರಾಗಿರುತ್ತವೆ. ಅಷ್ಟು ಮಾತ್ರ ಗಟ್ಟಿ.

ಇಷ್ಟೆಲ್ಲ ತಿಳಿದು ಏನು ಮಾಡಬಹುದು ಅಂತ ನಿಮಗೆ ಅನ್ನಿಸುತ್ತಿರಬಹುದು. ಕ್ಯಾಲಿಫೋರ್ನಿಯಾಕ್ಕೆ ಹೋಗೋಣ. ಅಮೆರಿಕದ ಪಶ್ಚಿಮ ತೀರಕ್ಕೆ ವರ್ಷಕ್ಕೆ ಬರುವ ಮಳೆ ಮತ್ತು ಹಿಮದಲ್ಲಿ ಸುಮಾರು 30ರಿಂದ 50 ಶೇಕಡಾ ಕೆಲವೇ ಕೆಲವು ಬಿರುಗಾಳಿಗಳಿಂದ ಬರುತ್ತದೆ. ಪೆಸಿಫಿಕ್ ಮೇಲಿಂದ ಬರುವ ಇಕ್ಕಟ್ಟಾದ ಆವಿಯ ಪಟ್ಟಿಗಳು ಅವು, ಆಕಾಶ ನದಿಗಳು ಅನ್ನುತ್ತಾರೆ. ಒಂದು ಬಲವಾದ ಆಕಾಶ ನದಿ ಮಿಸಿಸಿಪ್ಪಿ ನದಿಯ ಮುಖದಲ್ಲಿ ಹರಿಯುವ ನೀರಿನ 7.5ರಿಂದ 15 ಪಟ್ಟು ನೀರನ್ನು ಆವಿಯಾಗಿ ಸಾಗಿಸುತ್ತದೆ. ವರ್ಷಕ್ಕೆ ಇಂಥ ಮೂರು ನಾಲ್ಕು ತಪ್ಪಿದರೆ ಅಲ್ಲಿ ಬರ. ಮೂರು ನಾಲ್ಕು ಜಾಸ್ತಿ ಬಂದರೆ ನೆರೆ.

2013ರ ಚಳಿಗಾಲದಲ್ಲಿ ಆ ತೀರದ ಎದುರು ಸಮುದ್ರದ ಮೇಲೆ ಒಂದು ಉಬ್ಬು ಬಂದು ಕೂತಿತು. ಮುರಿದರೂ ಮತ್ತೆ ಮತ್ತೆ ಅಲ್ಲೇ ಕಟ್ಟಿಕೊಳ್ಳುತ್ತಿತ್ತು. ಹವಾಮಾನ ವಿಜ್ಞಾನಿ ಡೇನಿಯಲ್ ಸ್ವೇನ್ ಅದಕ್ಕೆ ಹಠಮಾರಿ ಎಂಬರ್ಥದ ಒಂದು ಹೆಸರನ್ನೇ ಇಟ್ಟರು. ಬರುವ ಬಿರುಗಾಳಿಗಳೆಲ್ಲ ಅದಕ್ಕೆ ಡಿಕ್ಕಿ ಹೊಡೆದು ಉತ್ತರಕ್ಕೆ ತಿರುಗಿ ಹೋದವು. 2012ರಲ್ಲೇ ಶುರುವಾಗಿದ್ದ ಬರ 2016ರವರೆಗೆ ಎಳೆಯಿತು. ಮುಂದಿನ ಚಳಿಗಾಲದಲ್ಲಿ ಆಕಾಶ ನದಿಗಳು ಸಾಲಾಗಿ ಬಂದವು. 2017ರ ಫೆಬ್ರವರಿಯಲ್ಲಿ ಓರೊವಿಲ್ ಅಣೆಕಟ್ಟಿನ ಕೋಡಿ ಕುಸಿದು 1.8 ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಬೇಕಾಯಿತು. ಜಾಗ ಬದಲಾಗಿರಲಿಲ್ಲ, ಉಬ್ಬು ಸರಿದಿತ್ತು.

ಆ ಬರದ ಶುರುವಿನಲ್ಲೇ ಇನ್ನೊಂದು ಘಟನೆ ನಡೆಯಿತು. ಮೆಂಡೊಸಿನೊ ಸರೋವರ ಅಂತ ಅಲ್ಲೊಂದು ಜಲಾಶಯ ಇದೆ. 2012ರ ಡಿಸೆಂಬರ್‌ನಲ್ಲಿ ಆಕಾಶ ನದಿ ಬಂದು ಅದು ತುಂಬಿತು. ಚಳಿಗಾಲದಲ್ಲಿ ನೆರೆಗಾಗಿ ಜಾಗ ಖಾಲಿ ಇಡಬೇಕು ಅನ್ನೋದು ಹಳೆಯ ನಿಯಮ. ಮುಂದೆ ಯಾವ ಬಿರುಗಾಳಿಯೂ ಕಾಣದೆ ಇದ್ದರೂ ನಿಯಮದಂತೆ ನೀರು ಬಿಟ್ಟರು. ಆಮೇಲೆ ಮಳೆಯೇ ಬರಲಿಲ್ಲ. ಬಿಟ್ಟ ನೀರು ಹೋಯಿತು, ಸರೋವರ ಬತ್ತಿತು.

ಅದರ ನಂತರ ಅಲ್ಲಿನ ವಿಜ್ಞಾನಿಗಳು, ಅಣೆಕಟ್ಟು ನಡೆಸುವವರು ಒಟ್ಟಿಗೆ ಕೂತು ಬೇರೆ ಕ್ರಮ ರೂಪಿಸಿದರು. ಕ್ಯಾಲೆಂಡರ್ ನೋಡಿ ಗೇಟು ತೆಗೆಯುವ ಬದಲು ಪೆಸಿಫಿಕ್ ಮೇಲಿನ ಗಾಳಿ ನೋಡುವುದು. ಮುಂದಿನ ದಿನಗಳಲ್ಲಿ ಆಕಾಶ ನದಿ ಈ ಕಡೆ ತಿರುಗುವಂತಿದ್ದರೆ ಮೊದಲೇ ನೀರು ಬಿಟ್ಟು ಜಾಗ ಮಾಡಿಕೊಳ್ಳುವುದು. ಉಬ್ಬು ಅಡ್ಡ ನಿಂತಿದ್ದರೆ ನೀರನ್ನು ಹಿಡಿದಿಡುವುದು. 2020 ಅಲ್ಲಿ ತೀರ ಒಣ ವರ್ಷ. ಆ ವರ್ಷ ಈ ಕ್ರಮದಿಂದ ಮೆಂಡೊಸಿನೊದಲ್ಲಿ ಹಳೆಯ ನಿಯಮಕ್ಕಿಂತ 19 ಶೇಕಡಾ ಜಾಸ್ತಿ ನೀರು ಉಳಿಯಿತು. ಅಣೆಕಟ್ಟು ಎತ್ತರಿಸಲಿಲ್ಲ, ಹೊಸ ಕಾಲುವೆ ತೋಡಲಿಲ್ಲ. ಈಗ ಅದೇ ಕ್ರಮವನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಪ್ರಾಡೊ ಅಣೆಕಟ್ಟಿಗೂ, ಕೋಡಿ ಕುಸಿದಿದ್ದ ಆ ಓರೊವಿಲ್‌ಗೂ ಹೊಂದಿಸುವ ಕೆಲಸ ನಡೆದಿದೆ.